ಹಿಂದೆ ಬಿಟ್ಟ ಜಾಗ

ಹೆಟ್ಟಿ,

ಈ ಸಲವೂ ಬ್ರಾನ್ಸ್‌ಟನ್ನಿನ ಹಳೇ ದೋಣಿಗಳ ಕೂಟಕ್ಕೆ ಹೋಗಿದ್ದೆ. ನನ್ನ ಎಂಜಿನ್ ದೋಣಿಯೊಂದೇ. ನಮ್ಮ ಮದುವೆಯಾದಾಗಿನಿಂದ ಅದರ ಹಿಂದೆ ಹಗ್ಗ ಕಟ್ಟಿ ಎಳೆಯುತ್ತಿದ್ದ ನಿನ್ನ ದೋಣಿ ಕಣ್ಣೆದುರು ಇರಬಾರದೆಂದು, ನೀನು ತೀರಿಕೊಂಡ ವರ್ಷವೇ ಮಾರಿಬಿಟ್ಟೆ.

ಕಾಲುವೆ ದಡದಲ್ಲಿ ಗೂಟ ಬಡಿದು, ದೋಣಿ ಕಟ್ಟಿ, ಚಹಾಕ್ಕೆ ನೀರಿಟ್ಟೆ. ಪಕ್ಕದ ದೋಣಿಯ ಆಲ್ಫ್ ಕೂಗಿದ: "ಏನಯ್ಯಾ ಪರ್ಸಿ, ಹಿಂದೆ ಇಷ್ಟುದ್ದ ಜಾಗ ಯಾಕೆ ಬಿಟ್ಟಿದ್ದೀಯಾ? ರಾಣಿಯಮ್ಮನ ಹಡಗೇನಾದ್ರೂ ಬರೋದಿದೆಯಾ?"

ತಿರುಗಿ ನೋಡಿದೆ. ಸರಿಯಾಗಿ ನಿನ್ನ ದೋಣಿಯಷ್ಟೇ ಜಾಗ. ಅಭ್ಯಾಸ ನೋಡು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಜಾಗ ಸಿಗದೆ ಅಲೆಯುತ್ತಿದ್ದ ಹೊಸ ದಂಪತಿ ತಮ್ಮ ದೋಣಿಯನ್ನು ಅಲ್ಲಿಗೇ ತಂದರು. ಹುಡುಗಿ ಎಸೆದ ಹಗ್ಗವನ್ನು ನಾನೇ ಹಿಡಿದು ಕಟ್ಟಿದೆ.

"ನಮಗೋಸ್ಕರ ಜಾಗ ಹಿಡಿದಿಟ್ಟಿದ್ರಾ, ಅಜ್ಜಾ?"

"ಹೂಂ ಕಣಮ್ಮಾ" ಅಂದೆ.