ಅಣ್ಣ ಹುಡುಕಿದ ಗಿರಾಕಿ

ಮಾರ್ಚ್ ೧೪, ಗುರುವಾರ.

ನಮ್ಮ ಏಳು ಸೀಟಿನ ಮಹಾರಥ ಈ ವರ್ಷ ಮೂರನೇ ಸಲ ರಿಪೇರಿಗೆ ದಯಮಾಡಿಸಿತು. ಮೊದಲು ಕ್ಲಚ್, ಆಮೇಲೆ ರೇಡಿಯೇಟರ್, ಈಗ ಗೇರ್‌ಬಾಕ್ಸ್. ತೊಂಬತ್ತು ಸಾವಿರವಂತೆ. ಕೇಳಿ ನಾನೇ ನ್ಯೂಟ್ರಲ್‌ಗೆ ಬಂದೆ.

ಈ ಸಲ ಬೇರೆ ಗ್ಯಾರೇಜು. ಮೆಕ್ಯಾನಿಕ್ ಬಾನೆಟ್ ಎತ್ತಿದವನೇ ಹಳೇ ಸ್ನೇಹಿತನನ್ನು ಕಂಡಂತೆ ನಕ್ಕ.

"ಅರೆ, ಈ ಗಾಡೀನಾ! ಹಿಂದಿನ ಓನರ್‌ಗೆ ಆಗ್ಲೇ ಹೇಳಿದ್ದೆ ಸಾರ್, ಗೇರ್‌ಬಾಕ್ಸ್ ಬಹಳ ದಿನ ಬರಲ್ಲ ಅಂತ. 'ಚಿಂತೆ ಇಲ್ಲ, ಒಬ್ಬ ಗಿರಾಕಿ ಇದಾನೆ, ಕಣ್ಮುಚ್ಕೊಂಡು ತಗೋತಾನೆ' ಅಂದ್ರು."

ಹಿಂದಿನ ಓನರ್ ನನ್ನ ಒಡಹುಟ್ಟಿದ ಅಣ್ಣ. ಕೀ ಕೊಡುವಾಗ "ಮನೆ ಗಾಡಿ ಮನೇಲೇ ಇರ್ಲಿ ಕಣೋ" ಎಂದು ಕಣ್ಣು ಬೇರೆ ಒರೆಸಿಕೊಂಡಿದ್ದ. ನಾನು ಚೌಕಾಸಿ ಕೂಡ ಮಾಡಲಿಲ್ಲ. ನಲವತ್ತು ವರ್ಷ ತಮ್ಮನಾಗಿ ದುಡಿದವನಿಗೆ ಗಿರಾಕಿಯಾಗಿ ಬಡ್ತಿ ಸಿಕ್ಕಿದ್ದು ತಿಳಿಯಲೇ ಇಲ್ಲ.

ಊಟಕ್ಕೆ ಕೂತಾಗ ಹೆಂಡತಿ, "ಭಾವನೋರನ್ನ ಒಂದ್ಮಾತು ಕೇಳ್ರೀ. ಮೊದ್ಲೇ ಗೊತ್ತಿತ್ತಾ ಅಂತ" ಎಂದಳು.

"ಛೆ, ಅವನಿಗೇನು ಗೊತ್ತು, ಪಾಪ" ಎಂದೆ.

ಇವಳಿಗೆ ನಿಜ ಹೇಳಿದರೆ ಅಣ್ಣನಿಗೆ ಈ ಮನೆಯ ಬಾಗಿಲು ಮುಚ್ಚಿದಂತೆಯೇ. ಹೇಳದಿದ್ದರೆ ಭಾನುವಾರ ಬರುತ್ತಾನೆ, ಎದುರು ಕೂತು ಗಾಡಿ ಹೇಗಿದೆಯೋ ಎಂದು ಕೇಳುತ್ತಾನೆ. ಆಗ ನಾನು ನಕ್ಕು, ಚೆನ್ನಾಗಿದೆ ಅಣ್ಣಾ ಎಂದು ಹೇಳಬೇಕು.