ಕಾಗೆ ಮುಟ್ಟಿದ ತಲೆ

ಹರಿಯಬ್ಬೆ
14-11-2024

ತಂಗಿ ಅನುಸೂಯಳಿಗೆ ಅಕ್ಕ ಜಯ ಮಾಡುವ ಆಶೀರ್ವಾದ.

ನಾನು ಗಟ್ಟಿಯಾಗಿದ್ದೇನೆ. ಹಾಗೆ ಬರೆಯಲೂ ಈಗ ನಾಚಿಕೆ. ಹತ್ತು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಮೊದಲೇ ಬರೆಯಬೇಕಿತ್ತು, ಮೂರು ಸಲ ಬರೆದು ಹರಿದೆ.

ಅವತ್ತು ಏನಾಯಿತೆಂದು ಪೂರ್ತಿ ಕೇಳದೆಯೇ ಹೋದೆಯಲ್ಲ, ಈಗ ಕೇಳು. ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಕಾಗೆಯೊಂದು ಬಂದು ನೆತ್ತಿಗೆ ಬಡಿದು ಹೋಯಿತು. ಪಕ್ಕದ ಮನೆ ಪಾಲಮ್ಮ ನೋಡಿಬಿಟ್ಟಳು. "ಜಯಕ್ಕ, ಇದು ಸಾವಿನ ಸೂಚ್ನೆ ಐತೆ. ಸತ್ತೋದೆ ಅಂತ ಒಡಹುಟ್ಟಿದೋರಿಗೆ ಸುಳ್ಳು ಸುದ್ದಿ ಮುಟ್ಟಿಸ್ರಿ. ಅವ್ರು ಅತ್ರೆ ದೋಷ ಹೋಗ್ತೈತೆ" ಅಂದಳು. ಪಕ್ಷದಲ್ಲಿ ಅಪ್ಪನಿಗೆ ಎಡೆ ಇಟ್ಟು, ಮಾಳಿಗೆ ಮೇಲೆ ನಿಂತು "ಬಾರಪ್ಪ" ಎಂದು ಕೈಮುಗಿದು ಕರೆಯುವುದೂ ಇದೇ ಕಾಗೆಯನ್ನೇ. ಕರೆದಾಗ ಬಂದರೆ ಅಪ್ಪ, ಕರೆಯದೆ ಬಂದರೆ ಯಮ. ನಮ್ಮ ಬುದ್ಧಿಗೆ ಏನೆನ್ನಲಿ. ಆದರೂ ಹೆದರಿದೆ ಕಣೆ.

"ಇದೆಲ್ಲ ಬ್ಯಾಡಮ್ಮ, ಚಿಕ್ಕಮ್ಮಂಗೆ ಬಿಪಿ ಐತೆ" ಎಂದು ನನ್ನ ಮಗ ಚೇತನ್ ಬೇಡಿಕೊಂಡ. ನಾನೇ ಹಟ ಹಿಡಿದು ಫೋನ್ ಮಾಡಿಸಿದೆ. ನೀನು ಅಳುವುದನ್ನು ಅವನ ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಪಾಪ ಅನ್ನಿಸಲಿಲ್ಲ, ಖುಷಿಯಾಯಿತು. ನಿನ್ನ ಹತ್ತಿರ ಅದನ್ನು ಮುಚ್ಚಿಡುವುದಿಲ್ಲ. ತಿರುಗಿ ನಿಜ ಹೇಳುವಷ್ಟರಲ್ಲಿ ನೀನು ಫೋನ್ ಮನೆಯಲ್ಲೇ ಬಿಟ್ಟು ಚಿಕ್ಕಜಾಜೂರಿನಿಂದ ಹೊರಟಾಗಿತ್ತು.

ಹಾರ ಹಿಡಿದು ಬಂದೆ. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಕಾಗೆ ದೋಷ ಕಣೆ ಅಂದೆ, ಅಷ್ಟೇ. "ನಿನ್ನ ದೋಷ ತೊಳಿಯಾಕೆ ನನ್ನ ಕಣ್ಣೀರೇ ಬೇಕಾಗಿತ್ತೇನಕ್ಕ?" ಎಂದು ಹಾರ ಬಿಸಾಕಿ, ನೀರೂ ಮುಟ್ಟದೆ, ಬಂದ ಆಟೋದಲ್ಲೇ ಹೋದೆ. ನೀನು ಬೈದದ್ದು ಸರಿ. ತಪ್ಪಾಯಿತು, ಹೊಟ್ಟೆಗೆ ಹಾಕಿಕೋ.

ಅವತ್ತಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಬಸ್ಸಿನ ಸದ್ದಾದರೆ ಒಲೆ ಮೇಲಿನ ಸಾರು ಬಿಟ್ಟು ಬಾಗಿಲಿಗೆ ಓಡುತ್ತೇನೆ. "ಯಾರು ಬರಾದೈತಮ್ಮ?" ಎಂದು ಚೇತನ್ ಕೇಳುತ್ತಾನೆ. ಯಾರೂ ಇಲ್ಲ ಅನ್ನುತ್ತೇನೆ.

ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ. ಮುತ್ತೈದೆಯಾಗಿ ನೂರು ಕಾಲ ಬಾಳು.

ನಿನ್ನ ಅಕ್ಕ,
ಜಯ

ಇನ್ನೊಂದು ಮಾತು: ಅವತ್ತೇ ಮಾಡದಕೆರೆಗೂ ಫೋನ್ ಮಾಡಿಸಿದ್ದೆ. ನಮ್ಮಣ್ಣ ಚಿಕ್ಕತಿಮ್ಮಪ್ಪ ನನ್ನ ಜೊತೆ ಮಾತು ಬಿಟ್ಟು ಆರು ವರ್ಷವಾಯಿತಲ್ಲ. "ಹೌದಾ" ಅಂದ, ಫೋನ್ ಇಟ್ಟ. ನಿಜ ತಿಳಿಸುತ್ತೇನೆಂದು ಚೇತನ್ ಹೊರಟಾಗ ನಾನೇ ತಡೆದೆ, ಬರಲಿ, ಬಂದು ನೋಡಲಿ ಅಂತ. ಅಣ್ಣನ ಪಾಲಿಗೆ ನಾನು ಸತ್ತು ಇವತ್ತಿಗೆ ಹತ್ತು ದಿನ, ಇನ್ನೂ ಬಂದಿಲ್ಲ. ನೀನೇನಾದರೂ ಅವನಿಗೆ ನಿಜ ತಿಳಿಸಿದ್ದೀಯಾ? ತಿಳಿಸಿದ್ದರೆ ಒಂದು ಸಾಲು ಬರೆ. ತಿಳಿಸಿಲ್ಲದಿದ್ದರೂ, ತಿಳಿಸಿದ್ದೆ ಅಂತಲೇ ಬರೆ.