ಇಲ್ಲದ ಡಂಗರ್ ಸಾಹೇಬ

ಭಾಂಡುಪ್, ಗುರುವಾರ

ಮೂರನೇ ಮಾಳಿಗೆಯ ದಾನಪ್ಪನಿಗೆ, ಕೆಳಮನೆಯ ಗುರುಪಾದನ ನಮಸ್ಕಾರ.

ಲಕೋಟೆ ಅಲ್ಲಾಡಿಸಿ ನೋಡಬೇಡ, ಒಳಗೆ ತುರಿಕೆಪುಡಿ ಇಲ್ಲ. ಮೆಟ್ಟಿಲು ಹತ್ತಿ ಬಂದು ಹೇಳುವುದನ್ನು ಬಿಟ್ಟು ಬಾಗಿಲ ಸಂದಿಯಲ್ಲಿ ಕಾಗದ ತೂರಿಸಿದ್ದೇಕೆ ಅಂತೀಯಾ? ಮಂಗಳವಾರ ಬಂದು ಹೇಳಿದೆನಲ್ಲ, “ಡಂಗರ್ ಸಾಹೇಬ ಅನ್ನಾಂವ ಇರಲೇ ಇಲ್ಲೋ” ಅಂತ. ನೀನು ಚಹಾ ಊದುತ್ತ, “ಸಾಕ್ ಮಾಡೋ ಮಂಗ್ಯಾ, ಸತ್ತ ಪುಣ್ಯಾತ್ಮನ್ನರ ಬಿಡೋ” ಅಂದೆ. ನಿನ್ನ ತಪ್ಪಲ್ಲ. ನಿನ್ನ ಡಂಗ್ರಿಯ ಎರಡೂ ತೋಳಿನ ಬಾಯಿ ಹೊಲಿದಿಟ್ಟ ನನ್ನಂಥವನ ಮಾತನ್ನು ಯಾರು ನಂಬುತ್ತಾರೆ?

ಆ ಸಾಹೇಬ ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕಾರ್ಖಾನೆಯಲ್ಲಿ ನಿನಗೆ ಮೊದಲ ಸಲ ನೀಲಿ ಉಡುಪು ಕೊಟ್ಟಿದ್ದರು. ಅಂಗಿಗೆ ಪ್ಯಾಂಟು ಕೂಡಿಸಿ ಹೊಲಿದದ್ದು. “ಇದಕ್ಕ ಡಂಗ್ರಿ ಅಂತ ಯಾಕಂತಾರ?” ಎಂದು ನೀನು ಕೇಳಿದೆ. ನನಗೂ ಗೊತ್ತಿರಲಿಲ್ಲ, ನಾಲಿಗೆ ಸುಮ್ಮನಿರಲಿಲ್ಲ. “ಡಂಗರ್ ಅಂತ ಒಬ್ಬ ಸಾಹೇಬ ಇದ್ದ. ಬಾಯ್ಲರ್ ಒಡದಾಗ ಹದಿನಾಲ್ಕ್ ಮಂದೀನ ಹೊರಗ ಎಳದು ತಾನು ಸತ್ತ. ಅವನ ಹೆಸರು ಇಟ್ಟಾರ” ಅಂದೆ. ಊಟದ ಹೊತ್ತಿಗೆ ಸುಳ್ಳು ಒಡೆದು ನಗಬೇಕೆಂದಿದ್ದೆ. ಅಷ್ಟರಲ್ಲಿ ನೀನು ಆ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡೆ.

ಆ ವರ್ಷದ ದಸರೆಯ ಖಂಡೇಪೂಜೆಯಲ್ಲಿ ಎಲ್ಲರೂ ಮಷಿನ್ನಿಗೆ ಕುಂಕುಮ ಹಚ್ಚಿದರೆ, ನೀನು ಮಡಚಿದ ಡಂಗ್ರಿಯ ಮೇಲೆ ಚೆಂಡುಹೂವಿಟ್ಟು ಸಾಹೇಬನಿಗೆ ಕಾಯಿ ಒಡೆದೆ. ಕಾರ್ಖಾನೆ ಮುಚ್ಚಿತು, ಪೂಜೆ ಮಾತ್ರ ಮನೆಯಲ್ಲಿ ನಡೆದೇ ಇದೆ. ಪ್ರತಿ ದಸರೆಗೂ ಪ್ರಸಾದ ತಿಂದವನು ನಾನು.

ಮೊನ್ನೆ ರವಿವಾರ ನಿನ್ನ ಮೊಮ್ಮಗಳು ಶೀತಲ್ ಅಂಧೇರಿಯ ಮಾಲ್‌ನಿಂದ ತಂದ, ಹೆಗಲಪಟ್ಟಿಯ ಡಂಗ್ರಿ ಹಾಕಿಕೊಂಡು ನನ್ನ ಮನೆಗೆ ಬಂದಳು. “ಅಜ್ಜಾ, ಮುಂದಿನ ಸೋಮವಾರ ಕಾಲೇಜ್‌ನ್ಯಾಗ ಮೇರಾ ಪ್ರೆಸೆಂಟೇಶನ್ ಹೈ. ನಮ್ಮ ಮುತ್ಯಾ ಸ್ಟೇಜ್ ಮ್ಯಾಲೆ ಸಾಹೇಬನ ಸ್ಟೋರಿ ಹೇಳ್ತಾನ!” ಎಂದಳು. ಪಾರ್ಲೆಯ ಆ ಕಾಲೇಜಿನ ಮಕ್ಕಳ ಕೈಯಲ್ಲೆಲ್ಲ ಮೊಬೈಲು. ನೀನು ಕತೆ ಮುಗಿಸುವುದರೊಳಗೆ ಅದರಲ್ಲಿ ಹುಡುಕಿ, ಸುಳ್ಳೆಂದು ತಿಳಿದು ನಿನ್ನನ್ನು ನೋಡಿ ನಗುತ್ತಾರೆ. ಅವಳು ತಲೆ ತಗ್ಗಿಸುತ್ತಾಳೆ.

ಸಾಹೇಬನನ್ನು ಉಳಿಸಲು ಇನ್ನೊಂದು ಗಟ್ಟಿ ಸುಳ್ಳು ಬೇಕಿತ್ತು. ಅದಕ್ಕೇ ಮರುದಿನ ಲೈಬ್ರರಿಗೆ ಹೋಗಿ ದಪ್ಪ ಇಂಗ್ಲಿಷ್ ನಿಘಂಟು ತೆರೆಸಿದೆ. ಅಲ್ಲಿ ಸಿಕ್ಕಿದ್ದು ನಿಜ. ನಮ್ಮ ಮುಂಬಯಿ ಬಂದರಿನ ಹತ್ತಿರದ ಡೊಂಗ್ರಿ ಇದೆಯಲ್ಲ, ಅದರ ಹೆಸರೇ ಅಲ್ಲಿನ ಒರಟು ಹತ್ತಿಬಟ್ಟೆಗೆ ಅಂಟಿತಂತೆ. ಹಡಗು ಹತ್ತಿ ಹೋದ ಆ ಬಟ್ಟೆ ನಾವಿಕರ ಚಲ್ಲಣವಾಯಿತು, ಕೂಲಿಯವರ ಉಡುಪಾಯಿತು. ಬಟ್ಟೆಯ ಹೆಸರೇ ಉಡುಪಿನ ಹೆಸರಾಗಿ, ಕೊನೆಗೆ ಮಾಲ್‌ಗೆ ಬಂತು.

ಡೊಂಗ್ರಿ, ದಾನಪ್ಪ. ಊರಿನಿಂದ ಬಂದವನೇ ಎರಡು ವರ್ಷ ನೀನು ಗಂಟು ಹೊತ್ತ ಡೊಂಗ್ರಿ. ಹಮಾಲಿ ಮಾಡಿದ್ದು ಗೊತ್ತಾಗಬಾರದೆಂದು, ಮುಂಬಯಿಗೆ ಬಂದಿಳಿದದ್ದೇ ಭಾಂಡುಪ್‌ಗೆ ಎಂದು ಶೀತಲ್‌ಗೆ ಹೇಳಿದ್ದೀಯಲ್ಲ, ಆ ಸುಳ್ಳು ನಿನ್ನದು. ನನ್ನದನ್ನು ನಾನು ಒಪ್ಪಿಕೊಂಡಿದ್ದೇನೆ.

ಸೋಮವಾರ ಆ ಡೊಂಗ್ರಿಯ ಕತೆಯನ್ನೇ ಹೇಳು. ನಿಘಂಟು ತೆರೆದರೆ ಆ ಜಾಗದ ಹೆಸರು ಯಾರಿಗಾದರೂ ಸಿಗುತ್ತದೆ, ಅಲ್ಲಿ ಭಾರ ಹೊತ್ತ ಹೆಗಲು ಇರುವುದು ನಿನ್ನೊಬ್ಬನಿಗೇ. ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ. ನೀನು ಸಾಹೇಬನ ಕತೆಯನ್ನೇ ಶುರುಮಾಡಿದರೆ ಎದ್ದು ನಿಂತು, “ಅವನ ಅಪ್ಪ ನಾನು!” ಎಂದು ಕೂಗುತ್ತೇನೆ. ನಗುವವರು ನನ್ನನ್ನು ನೋಡಿ ನಗಲಿ, ನನಗೆ ರೂಢಿಯಿದೆ.

ದಸರೆಯ ಹೂವು ಮಾತ್ರ ನಿಲ್ಲಿಸಬೇಡ. ಸಾಹೇಬ ಇರಲಿಲ್ಲ, ಡಂಗ್ರಿಯೊಳಗೆ ನೀನಿದ್ದೆ.

ನಿನ್ನ ಹೆಗಲು ಗಟ್ಟಿಯಾಗಿರಲಿ, ನಿನ್ನ ಮನೆಯ ಪ್ರಸಾದದಲ್ಲಿ ನನಗೊಂದು ಪಾಲಿರಲಿ.

ಇದೊಂದು ಸಲ ನಿಜ ಹೇಳಿದ,
ಗುರುಪಾದ